ಹೆಸರು ಹಿಡಿಯದ ಕೊಳ್ಳ

ಕಾರಿಕೊಳ್ಳದ ಸಂಗವ್ವನಿಗೂ ನನಗೂ ಮೊದಲ ದಿನವೇ ಜಗಳವಾಯಿತು. ಬಾದಾಮಿ ತಾಲೂಕಿನಲ್ಲಿ ನನ್ನ ಜೊತೆ ಜಗಳವಾಗದೆ ಉಳಿದವರು ಕಡಿಮೆ, ಆ ಮಾತು ಬೇರೆ. ಆಯುಷ್ಯವೆಲ್ಲ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ಪ್ರಶ್ನೆ ಕೇಳಿದರೆ ಉತ್ತರ ಬರಬೇಕು, ಬರದಿದ್ದರೆ ಸಿಟ್ಟು ನೆತ್ತಿಗೇರುತ್ತದೆ. ಅವತ್ತು ನಾನು ಕೇಳಿದ್ದಾದರೂ ಎಂಥ ದೊಡ್ಡ ಪ್ರಶ್ನೆ? ನಿನ್ನ ಗಂಡನ ಹೆಸರೇನು ಎಂದು, ಅಷ್ಟೇ.

ಸಂಗವ್ವ ನಾವು ಕೂತಿದ್ದ ಶಾಲೆಯ ಜಂತಿ ನೋಡಿದಳು. ಪಕ್ಕದ ಹೆಂಗಸರ ಮುಖ ನೋಡಿದಳು. ಆಮೇಲೆ ಸೆರಗು ಎಳೆದುಕೊಂಡು, ಹೊರಗೆ ಬೇವಿನ ಗಿಡದ ಕೆಳಗೆ ಆಡು ಹಿಡಿದು ನಿಂತಿದ್ದಾರಲ್ಲ, ಅವರೇ ಎಂದಳು. ಎಲ್ಲಿ ನಿಂತಿದ್ದಾನೆ ಅಂತ ಕೇಳಲಿಲ್ಲ, ಹೆಸರು ಕೇಳಿದೆ ಎಂದೆ. ಹೆಸರು ಊರಿಗೆಲ್ಲ ಗೊತ್ತು, ಯಾರನ್ನಾದರೂ ಕೇಳಿ ಎಂದಳು. ಊರಿಗೆಲ್ಲ ಗೊತ್ತಿದ್ದದ್ದು ಹೆಂಡತಿಗೆ ಗೊತ್ತಿಲ್ಲವೇ ಎಂದು ನಾನು ದನಿ ಏರಿಸಿದೆ. ಆಕೆ ನನಗಿಂತ ಒಂದು ಕೈ ಮೇಲೆ ಏರಿಸಿದಳು. ಕೊನೆಗೆ ಬಾಗಿಲಲ್ಲಿ ನಿಂತಿದ್ದ ನಾಸೀರನಿಗೆ ಸಾಕಾಯಿತು. ಕುಳಗೇರಿ ಕ್ರಾಸಿನಿಂದ ನನ್ನನ್ನು ತನ್ನ ಟಂಟಂ ಗಾಡಿಯಲ್ಲಿ ಕರೆತಂದವನು ಅವನೇ.

"ಅಮಾತೆಪ್ಪ ಅಂತ ಬರಕೊಳ್ರಿ ಅಕ್ಕೋರ," ಎಂದ. "ಗಂಡನ ಹೆಸರ ಕೇಳಿದ್ರ ಆಕಿ ಬಾಯಿಗೆ ಕೀಲಿ ಬೀಳತೈತಿ. ಹೊತ್ತ ಮುಳಗೂದ್ರಾಗ ನಾವು ಊರು ಸೇರಬೇಕು."

ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಅಜ್ಜಿಯೂ ನಂಬಿದ್ದಳು. ಆದರೆ ಈ ಕಾಲದಲ್ಲಿ, ಆಧಾರ ಕಾರ್ಡು ಸೊಂಟದ ಚೀಲದಲ್ಲಿಟ್ಟುಕೊಂಡು ಓಡಾಡುವ ಹೆಣ್ಣುಮಗಳು ಹೀಗೆ ಹಟ ಹಿಡಿದರೆ ಏನೆನ್ನಬೇಕು? ನಾನು ಅಂದು ಅಲ್ಲಿಗೆ ಹೋದದ್ದೇ ಊರ ಹೆಂಗಸರಿಗೆ ಪ್ರವಾಸಿಗರ ಜೊತೆ ಮಾತಾಡುವುದನ್ನು ಕಲಿಸಲು. ಮಾತು ಕಲಿಯಬೇಕಾದವಳು ಮೊದಲ ಮಾತಿಗೇ ಬಾಯಿ ಮುಚ್ಚಿಕೊಂಡಿದ್ದಳು.

ಕಾರಿಕೊಳ್ಳ ಎಂದರೆ ಕೆಂಪು ಗುಡ್ಡದ ಬುಡಕ್ಕೆ ಅಂಟಿಕೊಂಡ ಸಣ್ಣ ಊರು. ಬೇಡರ ಮನೆತನಗಳೇ ಹೆಚ್ಚು. ಬೇಟೆ ಬಿಟ್ಟು ಎಷ್ಟೋ ತಲೆಮಾರಾಯಿತು. ಈಗ ಆಡು ಮೇಯಿಸುತ್ತಾರೆ, ಸೀತಾಫಲ, ಕವಳಿ ಹಣ್ಣು ಬುಟ್ಟಿಯಲ್ಲಿ ಹೊತ್ತು ಬಾದಾಮಿಗೆ ತರುತ್ತಾರೆ. ಊರ ಹಿಂದೆ ಎರಡು ಬಂಡೆಗಳ ನಡುವೆ ಕೊಳ್ಳ. ಅದರೊಳಗೆ ಬೇಸಿಗೆಯಲ್ಲೂ ಬತ್ತದ ಒಂದು ಒರತೆ. ಗುಹೆ, ಗುಡಿ ನೋಡಲು ಬಂದವರು ಸಂಜೆ ಬಸ್ಸು ಹತ್ತಿಬಿಡುತ್ತಾರೆ, ಅವರಲ್ಲಿ ಒಂದಿಷ್ಟು ಜನರಿಗಾದರೂ ನಮ್ಮ ಕೊಳ್ಳ ತೋರಿಸೋಣ ಎಂದು ಊರ ಹೆಂಗಸರು ಒಂದು ನಡಿಗೆ ಶುರು ಮಾಡಿದ್ದರು. ಬೆಳಿಗ್ಗೆ ಕೊಳ್ಳ ಹತ್ತುವುದು, ಒರತೆ, ಗಿಡ, ಹಕ್ಕಿ ನೋಡುವುದು, ಇಳಿದು ಬಂದು ಬೇವಿನ ಗಿಡದ ಕೆಳಗೆ ಸಜ್ಜಿ ರೊಟ್ಟಿ, ಅಗಸಿ ಹಿಂಡಿ ತಿನ್ನುವುದು. ಸಂಗವ್ವ ಮುಂದಾಳು. ಆಕೆಯನ್ನು ಯಾರೂ ಆರಿಸಿರಲಿಲ್ಲ. ಬೇರೆಯವರಿಗೆ ಮಾತಾಡಲು ಬಿಟ್ಟರೆ ತಾನೆ?

ಎತ್ತರದ ಆಳು, ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಸೆರಗಿನ ಮೇಲೆ ತರಬೇತಿಯಲ್ಲಿ ಕೊಟ್ಟ ಖಾಕಿ ಟೊಪ್ಪಿಗೆ. ಎರಡರಲ್ಲಿ ಒಂದನ್ನಾದರೂ ತೆಗೆ ಎಂದರೆ ಕೇಳುತ್ತಿರಲಿಲ್ಲ; ಸೆರಗು ಮನೆತನಕ್ಕೆ, ಟೊಪ್ಪಿಗೆ ಸರಕಾರಕ್ಕೆ ಎನ್ನುತ್ತಿದ್ದಳು. ಜಂಬಕ್ಕೆ ಕೊರತೆಯೇ ಇರಲಿಲ್ಲ. ಈ ಕೊಳ್ಳದಲ್ಲಿ ಒಂದು ಕಲ್ಲು ಉರುಳಬೇಕಾದರೂ ತನ್ನನ್ನು ಕೇಳಿಯೇ ಉರುಳಬೇಕು ಎಂಬ ಧಾಟಿ. ಆಕೆಯ ಮಾತಿನಲ್ಲಿ ಅರ್ಧ ಖರೆ, ಅರ್ಧ ಒಗ್ಗರಣೆ. ಬಾವಲಿ ಹಕ್ಕಿಯಲ್ಲ ಎಂದು ನಾನು ಎಷ್ಟು ಹೇಳಿದರೂ, ರೆಕ್ಕೆ ಇದ್ದ ಮೇಲೆ ಹಕ್ಕಿಯಲ್ಲದೆ ಮತ್ತೇನು ಎಂದು ನನ್ನ ಮುಂದೆಯೇ ಪ್ರವಾಸಿಗರಿಗೆ ಹೇಳುತ್ತಿದ್ದಳು. ಅಷ್ಟಾದರೂ ಆಕೆಯ ಜೊತೆ ಒಮ್ಮೆ ಕೊಳ್ಳ ಹತ್ತಿದವರು ಇನ್ನೊಮ್ಮೆ ಬರುತ್ತಿದ್ದರು. ನಾನೂ ಹಾಗೆಯೇ. ಜಗಳ ಮಾಡಲಿಕ್ಕೆಂದು ಹೋಗುತ್ತಿದ್ದೆ, ರೊಟ್ಟಿ ಕಟ್ಟಿಸಿಕೊಂಡು ಬರುತ್ತಿದ್ದೆ.

ಗಂಡನ ಹೆಸರಿನ ಹಟ ಅಲ್ಲಿಗೇ ಮುಗಿಯಲಿಲ್ಲ. ಕೊಳ್ಳದೊಳಗೆ ಕಾಲಿಟ್ಟ ಮೇಲೆ ಆಕೆ ಯಾವ ಪ್ರಾಣಿಯ ಹೆಸರನ್ನೂ ಹಿಡಿಯುತ್ತಿರಲಿಲ್ಲ. ಆಕೆಯೊಬ್ಬಳೇ ಅಲ್ಲ, ಆ ಊರಿನ ಯಾವ ಹೆಂಗಸೂ ಹಿಡಿಯುವುದಿಲ್ಲ. ಅವುಗಳ ಮನೆಯಲ್ಲೇ ನಿಂತು ಹೆಸರು ಹಿಡಿದು ಕೂಗಿದರೆ, ಯಾರು ಕರೆದರು ಎಂದು ಎದ್ದು ಬರುತ್ತವಂತೆ. ಅದಕ್ಕೇ ಎಲ್ಲಕ್ಕೂ ಬಳಗದ ಮಾತು. ಚಿರತೆ ಎಂದರೆ ಮಾವನವರು. ತೋಳ ಭಾವ. ಮುಳ್ಳುಹಂದಿ ನೆಗೆಣ್ಣಿ, ಅಂದರೆ ಓರಗಿತ್ತಿ. ಹಾವಿಗೆ ಮಾತ್ರ ನೆಂಟಸ್ತಿಕೆ ಇಲ್ಲ, ಅದು ಹುಳ. ಸಂಗವ್ವ ಹುನಗುಂದದ ಕಡೆಯ ರಾಮಥಾಳದ ಎರಿ ಹೊಲದ ಬಯಲಿನಿಂದ ಸೊಸೆಯಾಗಿ ಬಂದವಳು, ಗುಡ್ಡ ಕಂಡವಳಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಆಕೆಯನ್ನು ಕೊಳ್ಳಕ್ಕೆ ಕರೆದುಕೊಂಡು ಹೋಗಿ, ಮನೆಯೊಳಗಿನ ಬಳಗ ತೋರಿಸಿದ್ದಾಯಿತು, ಇನ್ನು ಹೊರಗಿನ ಬಳಗ ನೋಡು ಎಂದು ಒಂದೊಂದನ್ನೇ ಪರಿಚಯ ಮಾಡಿಸಿದ್ದಳಂತೆ.

ಇದೆಲ್ಲ ಮೂಢನಂಬಿಕೆ ಎಂದು ನಾನು ಪಾಠ ಶುರು ಮಾಡಿದೆ. ಸಂಗವ್ವ ಪೂರ್ತಿ ಕೇಳಿಸಿಕೊಂಡಳು, ಅದೇ ದೊಡ್ಡದು.

"ಮಾವ ಎದುರಿಗೆ ಬಂದ್ರ ಏನ ಮಾಡ್ತೀವ್ರಿ ಅಕ್ಕೋರ?" ಎಂದು ಕೇಳಿದಳು. "ಸೆರಗ ಹೊದ್ದು, ಹಾದಿ ಬಿಟ್ಟು, ಸರದ ನಿಲ್ತೀವಿ. ಬೆನ್ನ ತೋರಿಸಿ ಓಡ್ತೀವೇನು? ಓಡಿದ್ರ ಮಾವಗ ಸಿಟ್ಟ ಬರತೈತಿ."

ಚಿರತೆ ಎದುರಾದರೆ ಓಡಬೇಡಿ, ನಿಧಾನ ಪಕ್ಕಕ್ಕೆ ಸರಿಯಿರಿ ಎಂದು ನಾನೂ ಮಕ್ಕಳಿಗೆ ಕಲಿಸಿದ್ದೆ, ಚಿತ್ರ ಬರೆದು, ಬಾಣದ ಗುರುತು ಹಾಕಿ. ಇವರು ಸೆರಗಿನಲ್ಲಿ ಕಲಿಸಿದ್ದರು. ಬೆಳಗಿನ ಬಿಸಿಲು ಒರತೆಯ ಬಂಡೆಗೆ ತಾಗುವವರೆಗೆ ಯಾರೂ ಕೊಡ ಹಿಡಿದು ಹೋಗುವುದಿಲ್ಲ. ಮಾವನವರು ನೀರು ಕುಡಿದು ಹೋಗದೆ ಸೊಸೆ ಹೇಗೆ ನೀರಿಗಿಳಿಯುತ್ತಾಳೆ? ನೆಗೆಣ್ಣಿಯ ಬಿಲದ ಹತ್ತಿರ ಗೆಣಸು ಅಗೆಯುವುದಿಲ್ಲ. ಆಕೆಯ ಪಾಲು ಕಿತ್ತುಕೊಂಡರೆ ಜೀವಮಾನವಿಡೀ ಚುಚ್ಚುತ್ತಾಳೆ. ಕವಳಿ ಹಣ್ಣಿನಲ್ಲಿ ಮೇಲಿನ ಕೊಂಬೆ ಮುಟ್ಟುವುದಿಲ್ಲ, ಅದು ತವರಿಗೆ ಬಂದು ಹೋಗುವ ಹಕ್ಕಿಗಳದು. ಬಳಗದ ಮರ್ಯಾದೆ ಗೊತ್ತಿದ್ದವರಿಗೆ ಕಾಡಿನಲ್ಲಿ ಹೇಗಿರಬೇಕೆಂದು ಬೇರೆ ಕಲಿಸಬೇಕಾಗಿರಲಿಲ್ಲ. ನನಗೆ ಇದು ಬಹಳ ಹಿಡಿಸಿತು. ಹಿಡಿಸಿತೆಂದು ಆಕೆಗೆ ಮಾತ್ರ ಹೇಳಲಿಲ್ಲ, ಜಂಬಕ್ಕೆ ಇನ್ನೊಂದು ಕೊಂಬು ಬರುತ್ತಿತ್ತು.

ತೊಂದರೆ ಬಂದದ್ದು ಹುಳದಿಂದ. ಬೆಂಗಳೂರಿನಿಂದ ಪ್ರಿಯದರ್ಶಿನಿ ಎಂಬ ಹೆಣ್ಣುಮಗಳು ಗಂಡನ ಜೊತೆ ಬಂದಿದ್ದಳು. ಪಾಪ, ಒಳ್ಳೆಯವಳು. ಆಕೆಯ ಹವ್ಯಾಸವೇ ಹುಳಹುಪ್ಪಟೆಗಳ ಫೋಟೋ ತೆಗೆಯುವುದು. ಉದ್ದ ಮೂತಿಯ ಕ್ಯಾಮರಾ ಕೊರಳಿಗೆ ಹಾಕಿಕೊಂಡು, ಎಲೆ ಎಲೆ ಮಗುಚಿ ಜೀರುಂಡೆ, ಮಿಡತೆ ಹುಡುಕುತ್ತ ನಡೆದಿದ್ದಳು. ಒರತೆಯ ಹತ್ತಿರ ಸಂಗವ್ವ ಕೈ ಅಡ್ಡ ಹಿಡಿದು, ಹುಳ ಐತ್ರಿ, ದೊಡ್ಡದೈತಿ, ಕಲ್ಲಿನ ಬುಡದಾಗ, ಎಂದು ಪಿಸುಗುಟ್ಟಿದಳು. ನಮ್ಮ ಕಡೆ ಹೀಗೆಂದರೆ ಎಂಥವರೂ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಪ್ರಿಯದರ್ಶಿನಿಯ ಮುಖ ಅರಳಿತು. ಥ್ಯಾಂಕ್ಸ್ ಎಂದವಳೇ ಬೋರಲು ಮಲಗಿ ಕಲ್ಲಿನ ಬುಡಕ್ಕೆ ಕ್ಯಾಮರಾ ಚಾಚಿದಳು. ಒಳಗೆ ಸುರುಳಿ ಸುತ್ತಿಕೊಂಡಿದ್ದ ಕೊಳಕುಮಂಡಲ ಕುಕ್ಕರಿನ ಹಾಗೆ ಬುಸ್ಸೆಂದಿತು. ಕಚ್ಚಲಿಲ್ಲ, ಪುಣ್ಯ. ಆದರೆ ಆಕೆ ಹಿಂದಕ್ಕೆ ಹಾರಿದ ರಭಸಕ್ಕೆ ಪಾದ ಉಳುಕಿತು. ಸಂಗವ್ವನೇ ಬೆನ್ನ ಮೇಲೆ ಹೊತ್ತು ಗುಡ್ಡ ಇಳಿಸಿದಳು, ದಾರಿಯುದ್ದಕ್ಕೂ ಬೈಯುತ್ತ: ಹುಳ ಅಂದರೂ ಮುತ್ತಿಕ್ಕಲು ಹೋಗುವ ಮಂದಿಯನ್ನು ತಾನು ಕಂಡೇ ಇರಲಿಲ್ಲ ಎಂದು.

ಪ್ರಿಯದರ್ಶಿನಿ ನಕ್ಕು ಮರೆತಳು. ಗಂಡ ಮರೆಯಲಿಲ್ಲ, ದೂರು ಕೊಟ್ಟ. ನಡಿಗೆಗೆ ಪರವಾನಗಿ ಕೊಟ್ಟವರಿಂದ ತಿರುಗಿ ಮಾತು ಬಂತು: ಮಾರ್ಗದರ್ಶಿಯಾದವಳು ಪ್ರಾಣಿಗಳ ಹೆಸರನ್ನು ಎಲ್ಲರಿಗೂ ತಿಳಿಯುವಂತೆ, ಅಲ್ಲೇ, ಕೊಳ್ಳದೊಳಗೇ ಹೇಳಬೇಕು. ಒಬ್ಬ ಅಧಿಕಾರಿ ಬಂದು ಜೊತೆಗೆ ನಡೆದು ನೋಡುತ್ತಾರೆ. ಆಗದಿದ್ದರೆ ಹೆಂಗಸರ ನಡಿಗೆ ನಿಲ್ಲುತ್ತದೆ. ಕೊಳ್ಳಕ್ಕೆ ಜೀಪು ಓಡಿಸುತ್ತೇವೆಂದು ಹೊರಗಿನ ಒಂದು ಕಂಪನಿ ಆಗಲೇ ಕೇಳಿಕೊಂಡಿತ್ತು, ಅವರಿಗೆ ಹೋಗುತ್ತದೆ. ಬೇವಿನ ಗಿಡದ ಕೆಳಗೇ ಎಲ್ಲ ಹೆಸರು ಹೇಳಿ ಒಳಗೆ ಕರೆದೊಯ್ದರಾಯಿತಲ್ಲ ಎಂದು ನಾನು ಫೋನಿನಲ್ಲಿ ವಾದಿಸಿದೆ. ಬಂದವರು ಅರ್ಧ ದಾರಿಗೆ ಮರೆತಿರುತ್ತಾರೆ, ಹಾವು ಎದುರಿಗಿದ್ದಾಗ ಹಾವು ಎನ್ನಲೇಬೇಕು ಎಂದರು. ಅದು ಸರಿಯೇ ಆಗಿತ್ತು.

ಜೀಪು ಎಂದರೆ ಒರತೆಯವರೆಗೆ ಬಂಡೆ ಒಡೆಯಬೇಕು. ಒರತೆ ಉಳಿಯುತ್ತದೋ ಇಲ್ಲವೋ ಯಾರಿಗೆ ಗೊತ್ತು. ಇದನ್ನೆಲ್ಲ ಸಂಗವ್ವನಿಗೆ ತಿಳಿಸಿ ಹೇಳಿದೆ. ಬೈದೆ. ಕೈ ಮುಗಿದೆ. ಎರಡಕ್ಷರ, ಹಾವು ಎನ್ನುವುದಕ್ಕೆ ಏನು ಧಾಡಿ ಎಂದೆ. ಆಕೆ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಕುಳಿತಳು.

"ಜೀಪು ಬಂದ್ರ ಮಾವಾರು ಕೊಳ್ಳ ಬಿಟ್ಟು ಹೊಕ್ಕಾರ, ಗೊತ್ತೈತ್ರಿ," ಎಂದಳು. "ನಾ ಹೆಸರ ಹಿಡದ್ರೂ ಹೊಕ್ಕಾರ. ಮರ್ಯಾದಿ ಬಿಟ್ಟ ಸೊಸಿ ಇದ್ದ ಮನ್ಯಾಗ ಯಾರ ಇರ್ತಾರ್ರಿ?"

ಆಕೆಯ ಕಣ್ಣು ಒದ್ದೆಯಾಗಿತ್ತು. ನಾನು ಸಿಟ್ಟಿನಲ್ಲೇ ಟಂಟಂ ಹತ್ತಿ ಬಂದುಬಿಟ್ಟೆ.

ಆ ವಾರವೇ ಊರಿನಲ್ಲಿ ಶಿವಗಂಗಾ ಎಂಬ ಬಸುರಿ ಹುಡುಗಿಯ ಕುಬಸ. ನನಗೂ ಕರೆ ಬಂತು, ಸಿಹಿ ಮಾದಲಿಯ ಆಸೆಗೆ ಹೋದೆ. ನಮ್ಮ ಕಡೆ ಇಂಥ ಕಾರ್ಯದಲ್ಲಿ ಹೆಂಗಸರು ಒಬ್ಬರನ್ನೊಬ್ಬರು ಹಿಡಿದು ಗಂಡನ ಹೆಸರು ಹೇಳಿಸುತ್ತಾರೆ. ಬರಿದೇ ಹೇಳುವಂತಿಲ್ಲ, ಒಡಪು ಹಾಕಿ ಹೇಳಬೇಕು, ಪ್ರಾಸದ ಎರಡು ಸಾಲು ಕಟ್ಟಿ ಹೆಸರನ್ನು ಅದರೊಳಗೆ ಕೂಡಿಸಬೇಕು. ಹಾಗೆ ಹೇಳಿದರೆ ದೋಷವಿಲ್ಲ. ಸಂಗವ್ವನ ಸರದಿ ಬಂತು. ಬಾಗಿಲಿಗೆ ಅಡ್ಡ ನಿಂತ ಹುಡುಗಿಯರು ಹೆಸರು ಹೇಳದೆ ಬಿಡುವುದಿಲ್ಲ ಎಂದು ಕೈಕೈ ಹಿಡಿದರು. ಆಕೆ ಗಂಟಲು ಸರಿ ಮಾಡಿಕೊಂಡು ರಾಗವಾಗಿ ಹೇಳಿದಳು:

"ಹಸರ ಹಸರ ಬಳಿ ಇಟಗೊಂಡು ಹಿತ್ತಲ ಬಾಗಲ ತೆರದೇನಿ,
ಅಡವ್ಯಾಗ ಆಡಿನ ದನಿ ಕೇಳಿ ಅಮಾತೆಪ್ಪನವರು ಬಂದ್ರಂತ ತಿಳದೇನಿ."

ಹೆಂಗಸರು ಹೋ ಎಂದು ನಕ್ಕರು. ಸಂಗವ್ವ ನಗಲಿಲ್ಲ. ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದಳು. ನಾನೂ ಆಕೆಯ ಮುಖ ನೋಡಿದೆ. ಇಬ್ಬರಿಗೂ ಒಮ್ಮೆಲೇ ಹೊಳೆಯಿತೋ, ಆಕೆಗೆ ಮೊದಲೋ, ಈಗಲೂ ಅದರ ಮೇಲೆ ನಮಗೆ ಜಗಳವಿದೆ. ಮಾದಲಿಯ ತಾಟು ಬದಿಗಿಟ್ಟು ಅಲ್ಲೇ ಗೋಡೆಗೆ ಒರಗಿ ಇಬ್ಬರೂ ಒಡಪು ಕಟ್ಟಲು ಕುಳಿತೆವು.

ಪರೀಕ್ಷೆಗೆ ಬಂದ ಅಧಿಕಾರಿಯ ಹೆಸರು ವಿಜಯೀಂದ್ರ. ಬಾಗಲಕೋಟೆಯವರು, ಮಾತು ಮೆದು, ಕಣ್ಣು ಚುರುಕು. ಬಿಸಿಲು ಒರತೆಯ ಬಂಡೆಗೆ ತಾಗುವವರೆಗೆ ಸಂಗವ್ವ ಅವರನ್ನು ಬೇವಿನ ಗಿಡದ ಕೆಳಗೆ ಕೂರಿಸಿಯೇ ಕೂರಿಸಿದಳು. ಆಮೇಲೆ ಕೊಳ್ಳದ ಬಾಯಲ್ಲಿ ಚಪ್ಪಲಿ ಕಳಚಿ ಕೈ ಮುಗಿದು ಒಳಗೆ ಹೊರಟಳು. ಒರತೆಯ ಕೆಸರಿನಲ್ಲಿ ಹೆಜ್ಜೆ ಗುರುತು ಮೂಡಿತ್ತು. ಇದು ಯಾವ ಪ್ರಾಣಿ ಎಂದು ಅವರು ಕೇಳಿದರು. ಸಂಗವ್ವ ಸೆರಗು ಸರಿ ಮಾಡಿಕೊಂಡಳು:

"ಚುಕ್ಕಿ ಚುಕ್ಕಿ ಅಂಗಿ ತೊಟ್ಟು ಕಲ್ಲಿನ ಮ್ಯಾಲ ಬಿಸಲ ಕಾಸ್ಯಾರ,
ಚಿರತಿರಾಯರು ಅಂತ ಅವರ ಹೆಸರ, ಈ ಕೊಳ್ಳದ ಸೊಸ್ತ್ಯಾರಿಗೆ ಮಾವಾರ."

ವಿಜಯೀಂದ್ರರು ಬಾಯಿ ತೆರೆದು ನಿಂತರು. ಆಮೇಲೆ ಅವರಿಗೆ ಹುಚ್ಚೇ ಹಿಡಿಯಿತು. ಬಿದ್ದಿದ್ದ ಮುಳ್ಳು ಎತ್ತಿ ಹಿಡಿದು ಇದಕ್ಕೆ ಎಂದರು. ಮೈ ತುಂಬ ಸೂಜಿ ಚುಚ್ಚಿಕೊಂಡು ಮಾತಿಗೆ ಬಂದರೆ ಬೆನ್ನು ತಿರುಗಿಸುವ ನೆಗೆಣ್ಣಿಯ ಒಡಪು ಬಂತು. ತೋಳಕ್ಕೆ ಬಂತು, ಉಡಕ್ಕೆ ಬಂತು. ಬಾವಲಿಯನ್ನು ಆಕೆ ಹಕ್ಕಿಗಳ ಜೊತೆಗೇ ಸೇರಿಸಿ ಕಟ್ಟಿದ್ದಳು, ನಾನು ಹಲ್ಲು ಕಚ್ಚಿ ಸುಮ್ಮನಿದ್ದೆ. ಕೊನೆಗೆ ಹಾವಿನದು:

"ಕಾಲಿಲ್ಲ ಕೈಯಿಲ್ಲ, ಹುತ್ತಿನಾಗ ಮನಿ ಮಾಡ್ಯಾನ,
ಹಾವಪ್ಪ ಅಂತ ಅವನ ಹೆಸರ, ಪಂಚಮಿಗಿ ಹಾಲ ಬೇಡ್ಯಾನ."

ವಿಜಯೀಂದ್ರರು ಮನಸಾರೆ ನಕ್ಕರು. ನಗು ನಿಂತ ಮೇಲೆ ಅವರ ಮುಖ ಸಣ್ಣದಾಯಿತು.

"ಭಾಳ ಚಂದ ಐತಿ ಸಂಗವ್ವಾರ," ಎಂದರು. "ಆದ್ರ ಒಂದ ಮಾತು. ಅದು ಖರೇನ ಕಾಲಾಗ ಬಂದ್ರ ಏನ ಮಾಡ್ತೀರಿ? ನಿಮ್ಮ ಒಡಪು ಮುಗಿಯೂದ್ರಾಗ ಅದು ಕಚ್ಚಿ ಹೋಗಿರತೈತಿ."

ಸಂಗವ್ವ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಅವರು ಕೇಳಿದ್ದು ನ್ಯಾಯವೇ. ವಿಚಾರ ಮಾಡಿ ತಿಳಿಸುತ್ತೇನೆ ಎಂದು ಅವರು ಮೆಲ್ಲಗೆ ಹೇಳಿದರು. ಹಾಗೆಂದರೆ ಏನೆಂದು ನಮಗಿಬ್ಬರಿಗೂ ಗೊತ್ತಿತ್ತು.

ಇಳಿಯುವಾಗ ಅಮಾತೆಪ್ಪ ಆಡುಗಳ ಜೊತೆ ಎದುರಾದ. ಸಾಧು ಮನುಷ್ಯ, ಸಣ್ಣಂದಿನ ಜ್ವರದಲ್ಲಿ ಬಲಗಿವಿ ಹೋಗಿದೆ, ಮಾತೂ ಕಡಿಮೆ. ಮನೆಯ ಮಾತೆಲ್ಲ ಹೆಂಡತಿಯೇ ಆಡಿ ಮುಗಿಸುವಾಗ ಅವನಿಗೇನು ಉಳಿದೀತು? ಹತ್ತಿರದ ದಾರಿ ತೋರಿಸುತ್ತೇನೆಂದು ಕೈಸನ್ನೆ ಮಾಡಿ ಅವನು ಮುಂದಾದ. ಅವನ ಹಿಂದೆ ವಿಜಯೀಂದ್ರರು, ಆಮೇಲೆ ನಾನು, ಕೊನೆಗೆ ಸಂಗವ್ವ. ಟೊಪ್ಪಿಗೆ ಕೈಯಲ್ಲಿತ್ತು, ತಲೆ ತಗ್ಗಿತ್ತು.

ದಾರಿ ತಿರುಗುವಲ್ಲಿ, ಮೇಲಿನ ಮೆಟ್ಟಿಲಿನಂಥ ಕಲ್ಲಿನಿಂದ, ಆಕೆಗೆ ಮೊದಲು ಕಂಡಿತು. ಅಮಾತೆಪ್ಪನ ಬಲಗಡೆ, ಬಂದರಿಕೆ ಗಿಡದ ನೆರಳಿನಲ್ಲಿ, ದಾರಿಗೆ ಅಡ್ಡವಾಗಿ ಅದೇ ಕೊಳಕುಮಂಡಲ ಜಾತಿಯ ಹಾವು.

"ರೀ, ನಿಲ್ರಿ, ಹುಳ," ಎಂದಳು ಸಂಗವ್ವ.

ಆ ಗುಡ್ಡದಲ್ಲಿ ಆಗ ನಾವೆಲ್ಲರೂ ರೀ. ನಾನು ನಿಂತೆ. ವಿಜಯೀಂದ್ರರು ನಿಂತು, ಏನು ಹುಳ ಎಂದು ನಗುಮುಖದಿಂದ ಹಿಂದಿರುಗಿ ನೋಡಿದರು. ಅಮಾತೆಪ್ಪ ಮಾತ್ರ ನಿಲ್ಲಲಿಲ್ಲ. ಅವನ ಕಾಲು ಮೇಲೆದ್ದಿತ್ತು.

"ಅಮಾತೆಪ್ಪಾ! ಹಾವು! ನಿಲ್ಲೋ!"

ಬಂಡೆಗೆ ಬಡಿದ ಆ ಕೂಗು ಕೊಳ್ಳದೊಳಗೆ ಎರಡು ಸಲ ತಿರುಗಿ ಬಂತು. ಅಮಾತೆಪ್ಪ ಎತ್ತಿದ ಕಾಲನ್ನು ಎತ್ತಿದಲ್ಲೇ ಹಿಡಿದು ನಿಂತ. ಹಾವಿಗೆ ಹೆದರಿ ಅಲ್ಲ. ಅವನು ಹಾವನ್ನು ಇನ್ನೂ ನೋಡಿರಲೇ ಇಲ್ಲ. ಒಡಪಿನ ಹೊರಗೆ ತನ್ನ ಹೆಸರು ಆ ಬಾಯಿಂದ ಬಂದದ್ದನ್ನು ಅವನು ಆಯುಷ್ಯದಲ್ಲೇ ಕೇಳಿರಲಿಲ್ಲ. ಹಾವು ಕಾಯುತ್ತ ಕೂರಲಿಲ್ಲ, ಗಿಡದ ಬುಡ ದಾಟಿ ಕಲ್ಲಿನ ಸಂದಿಗೆ ಹೋಯಿತು.

ತಿರುಗಿ ನೋಡಿದರೆ ಸಂಗವ್ವ ನೆಲಕ್ಕೆ ಕುಸಿದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ನಗುತ್ತಿದ್ದಾಳೆಂದುಕೊಂಡೆ. ಅಳುತ್ತಿದ್ದಳು. ಹೆಸರು ಹಿಡಿದುಬಿಟ್ಟೆ, ಆಯುಷ್ಯ ತಿಂದುಬಿಟ್ಟೆ, ರೀ ಅನ್ನುವುದೂ ಹೋಯಿತು ಎಂದು ಬಿಕ್ಕುತ್ತಿದ್ದಳು. ಹೆಸರಿಗೂ ಆಯುಷ್ಯಕ್ಕೂ ಸಂಬಂಧವಿಲ್ಲ ಎಂಬ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ಹೇಳಲಿಲ್ಲ. ನನ್ನ ಕಣ್ಣಲ್ಲೂ ನೀರು ಬಂದಿತ್ತು, ಅದನ್ನು ಇಲ್ಲ ಎನ್ನಲಾರೆ.

ಅಮಾತೆಪ್ಪ ಮೇಲೆ ಹತ್ತಿ ಬಂದ. ಆಕೆಯ ಕೈಯಿಂದ ಜಾರಿದ್ದ ಟೊಪ್ಪಿಗೆಯನ್ನು ಎತ್ತಿಕೊಂಡು ಧೂಳು ಕೊಡವಿದ. ಎಡಗಿವಿ ಆಕೆಯ ಕಡೆ ಬರುವ ಹಾಗೆ ಪಕ್ಕದಲ್ಲಿ ಕುಳಿತ.

"ಅಳಬ್ಯಾಡ," ಎಂದ. "ನಂದ ಆಯುಷ್ಯ ಆ ಗಿಡದ ಬುಡಕ್ಕ ಮುಗದಿತ್ತು. ಇನ್ನ ಮುಂದಿಂದು ನೀ ಕರದ ಕೊಟ್ಟಿದ್ದು."

ಸೆರಗಿನ ಮೇಲೆ ಟೊಪ್ಪಿಗೆ ಇಟ್ಟ. ಓರೆಯಾಗಿತ್ತು, ಸರಿ ಮಾಡಿದ. ವಿಜಯೀಂದ್ರರು ಎಲ್ಲೋ ಹಕ್ಕಿ ನೋಡುವವರ ಹಾಗೆ ಆಚೆ ತಿರುಗಿ ನಿಂತಿದ್ದರು. ಊರಿಗೆ ಇಳಿದು, ರೊಟ್ಟಿ ತಿಂದು, ಗಾಡಿ ಹತ್ತುವಾಗ ಅವರು ಹೇಳಿದ್ದು ಇಷ್ಟೇ: ನಾನು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು.

ಪರವಾನಗಿ ಉಳಿಯಿತು. ಜೀಪು ಬರಲಿಲ್ಲ. ಈಗ ಒಡಪು ಕೇಳಲಿಕ್ಕೆಂದೇ ಜನ ಬರುತ್ತಾರೆ, ಪ್ರಿಯದರ್ಶಿನಿಯೂ ಮತ್ತೆ ಬಂದು ಹೋದಳು. ಸಂಗವ್ವನ ಜಂಬ ಎಳ್ಳಷ್ಟೂ ಇಳಿದಿಲ್ಲ. ಒರತೆಯ ಕೆಸರಿನಲ್ಲಿ ಹೆಜ್ಜೆ ಗುರುತು ಇನ್ನೂ ಮೂಡುತ್ತದೆ. ಮಾವನವರು ಸೊಸೆಯ ಮೇಲೆ ಮುನಿಸಿಕೊಂಡಿಲ್ಲ ಎಂದು ಆಕೆಯೇ ತೀರ್ಮಾನ ಕೊಟ್ಟಿದ್ದಾಳೆ. ಗಂಡನಿಗೆ ಮಾತ್ರ ಮೊದಲಿನಂತೆ ರೀ ಎಂದೇ ಕರೆಯುತ್ತಾಳೆ.

ಮೊನ್ನೆ ಹೋದಾಗ ನಾನೇ ಕಂಡೆ. ಅಮಾತೆಪ್ಪ ಹಿತ್ತಲಲ್ಲಿ ಆಡಿಗೆ ಸೊಪ್ಪು ಹಾಕುತ್ತಿದ್ದ. ಊಟಕ್ಕೆ ಬರ್ರಿ ಎಂದು ಸಂಗವ್ವ ಕರೆದಳು, ಇನ್ನೊಮ್ಮೆ ಕರೆದಳು, ಗಂಟಲು ಹರಿಯುವ ಹಾಗೆ ಕರೆದಳು. ಅವನು ಕತ್ತೂ ಎತ್ತಲಿಲ್ಲ, ತುಟಿಯಂಚಿನಲ್ಲಿ ಮಾತ್ರ ನಗುವಿತ್ತು. ಅಂದು ಗುಡ್ಡದಿಂದ ಇಳಿದಾಗಿನಿಂದ ಅವನಿಗೆ ಎಡಗಿವಿಯೂ ಕೇಳುವುದಿಲ್ಲ.